ನೆಟ್‌ವರ್ಕ್ ಸಿಗದ ಕಡೆ ದಾರಿ ನೋಡಲು ಫೋನ್ ಸಾಕಾ, ಬೇರೆ ಜಿಪಿಎಸ್ ಬೇಕಾ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ನಾಲ್ಕು ಜನ ಆರು ದಿನಕ್ಕೆ ಹೊರಟಿದ್ದೇವೆ. ಮೊದಲ ಎರಡು ದಿನ ಜೀಪಿನಲ್ಲಿ, ಬರೀ ಮಣ್ಣು ರಸ್ತೆ. ಆಮೇಲೆ ಜೀಪ್ ನಿಲ್ಲಿಸಿ ನಾಲ್ಕು ದಿನ ನಡಿಗೆ. ದಟ್ಟ ಕಾಡು, ಆಳವಾದ ಒಂದು ಕಣಿವೆ, ಅದನ್ನು ದಾಟಿದರೆ ಬೋಳು ಬೆಟ್ಟದ ಸಾಲು. ಮೊದಲ ದಿನ ಮಧ್ಯಾಹ್ನ ಕಳೆದ ಮೇಲೆ ಯಾವ ಸಿಮ್‌ಗೂ ಸಿಗ್ನಲ್ ಇಲ್ಲ ಅಂತ ಹೋಗಿ ಬಂದವರು ಹೇಳಿದ್ದಾರೆ.

ಇಂಥದ್ದೇ ಜಾಗದಲ್ಲಿ ಹೋದ ಸಲ ಪೆಟ್ಟು ತಿಂದಿದ್ದೇನೆ, ಅದಕ್ಕೇ ಈ ಸಲ ಮೊದಲೇ ಕೇಳುತ್ತಿದ್ದೇನೆ. ಫೋನಿನಲ್ಲಿ ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಏನೋ ಇತ್ತು, ಸುತ್ತ ಮಾತ್ರ ಖಾಲಿ ಬೂದು ಚೌಕಗಳು. ರಸ್ತೆ ಇಲ್ಲ, ಹಳ್ಳ ಇಲ್ಲ, ಒಂದು ಹೆಸರೂ ಇಲ್ಲ. ಒಂದೇ ಹಳ್ಳವನ್ನು ಮೂರು ಸಲ ದಾಟಿದೆವು, ಮೂರನೇ ಸಲ ನಮ್ಮದೇ ಹೆಜ್ಜೆ ಗುರುತು ನೋಡಿದ ಮೇಲೆ ಗೊತ್ತಾಯಿತು. ಜೊತೆಗಿದ್ದ ತಂಗಿ ಬೈಯಲಿಲ್ಲ, ಹೆದರಿಕೆ ಆಗುತ್ತಿದೆ ಅಂತಲೂ ಹೇಳಲಿಲ್ಲ. "ಅಣ್ಣಾ, ಟಾರ್ಚಿನಲ್ಲಿ ಚಾರ್ಜ್ ಎಷ್ಟಿದೆ" ಅಂತ ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದಳು. ಈ ಸಲವೂ ಅವಳು ಬರುತ್ತಿದ್ದಾಳೆ. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳುವ ಹಾಗಾಗಬಾರದು.

ಈಗ ನನ್ನ ಗೊಂದಲ. ಜಿಪಿಎಸ್‌ಗೆ ಟವರ್ ಬೇಕೇ ಬೇಕು ಅನ್ನುತ್ತಾನೆ ಒಬ್ಬ ಗೆಳೆಯ. ಇನ್ನೊಬ್ಬ ಬೇಡವೇ ಬೇಡ ಅನ್ನುತ್ತಾನೆ. ಟ್ರೆಕ್ಕಿಂಗ್‌ಗೆ ಅಂತಲೇ ಬರುವ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಳ್ಳಬೇಕಾ, ಅಥವಾ ಇರುವ ಫೋನಿಗೆ ಒಂದು ಒಳ್ಳೆಯ ಆ್ಯಪ್ ಹಾಕಿಕೊಂಡರೆ ಸಾಕಾ? ಬಳಸಿದವರು ದಯವಿಟ್ಟು ಬಿಡಿಸಿ ಹೇಳಿ.

ಗೆರೆಬಿಂದು

ನಿಮ್ಮ ಎರಡನೇ ಗೆಳೆಯ ಹೇಳಿದ್ದು ಸರಿ. ಜಿಪಿಎಸ್‌ಗೆ ಟವರ್ ಬೇಡ, ಸಿಮ್ ಕೂಡ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಅಂತ ಹೇಳುತ್ತಲೇ ಇರುತ್ತವೆ. ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ನಾವು ರೇಡಿಯೋ ಕೇಳಿದ ಹಾಗೆ. ನಾಲ್ಕು ಉಪಗ್ರಹ ಸಿಕ್ಕರೆ ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಮೂರು ಸಾಲದಾ ಅಂತ ಕೇಳಬಹುದು. ಫೋನಿನ ಗಡಿಯಾರ ಉಪಗ್ರಹದಲ್ಲಿರುವ ಪರಮಾಣು ಗಡಿಯಾರದಷ್ಟು ಕರಾರುವಾಕ್ಕಲ್ಲ, ಆ ತಪ್ಪನ್ನು ಕಳೆಯಲು ನಾಲ್ಕನೆಯದು ಬೇಕು.

ಹಾಗಾದರೆ ಮೊದಲನೇ ಗೆಳೆಯನಿಗೆ ಆ ಮಾತು ಎಲ್ಲಿಂದ ಬಂತು? ಊರಲ್ಲಿ ಫೋನ್ ಎರಡೇ ಸೆಕೆಂಡಿಗೆ ಜಾಗ ಹಿಡಿಯುತ್ತದಲ್ಲ, ಅದಕ್ಕೆ ನೆಟ್‌ವರ್ಕ್ ಸಹಾಯ ಇರುತ್ತದೆ. ಯಾವ ಉಪಗ್ರಹ ಈಗ ಎಲ್ಲಿದೆ ಅನ್ನುವುದನ್ನು ಫೋನ್ ಇಂಟರ್ನೆಟ್‌ನಿಂದ ತಂದಿಟ್ಟುಕೊಂಡಿರುತ್ತದೆ. ಸಿಗ್ನಲ್ ಇಲ್ಲದ ಕಡೆ ಅದೇ ಮಾಹಿತಿಯನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು, ಅದು ಬರುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹ ತನ್ನ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು, ಆದರೆ ಜಾಗ ಹಿಡಿಯಲು ಆ ಪಟ್ಟಿ ಪೂರ್ತಿ ಬರಲೇಬೇಕು ಅಂತಿಲ್ಲ. ನಡುವೆ ಮರವೋ ಬಂಡೆಯೋ ಅಡ್ಡ ಬಂದರೆ ಮತ್ತೆ ಕಾಯಬೇಕು. ಆದ್ದರಿಂದ ಬೆಳಿಗ್ಗೆ ಹೊರಡುವ ಮುಂಚೆ ಆಕಾಶ ಚೆನ್ನಾಗಿ ಕಾಣುವ ಬಯಲಿನಲ್ಲಿ ಫೋನ್ ಇಟ್ಟು ಐದು ನಿಮಿಷ ಸುಮ್ನೆ ಬಿಡಿ. ತುಂಬಾ ಜನ ಅರ್ಧ ನಿಮಿಷ ನೋಡಿ, ಜಿಪಿಎಸ್ ಕೆಟ್ಟಿದೆ ಅಂದುಕೊಂಡು ರೀಸ್ಟಾರ್ಟ್ ಮಾಡುತ್ತಾರೆ. ಅಲ್ಲಿಗೆ ಇಳಿಯುತ್ತಿದ್ದ ಮಾಹಿತಿಯೂ ಹೋಯಿತು, ಮತ್ತೆ ಮೊದಲಿಂದ ಶುರು.

ನಿಮ್ಮ ಹೋದ ಸಲದ ಕಥೆಯಲ್ಲೇ ಉತ್ತರ ಇದೆ ನೋಡಿ. ನೀಲಿ ಚುಕ್ಕೆ ಇತ್ತು ಅಂದಿರಿ. ಅಂದರೆ ಜಿಪಿಎಸ್ ಸರಿಯಾಗಿಯೇ ಇತ್ತು, ಇಲ್ಲದೇ ಇದ್ದದ್ದು ನಕ್ಷೆ. ಅದನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು.

ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಬಹುದು, ಜೀಪಿನ ಎರಡು ದಿನಕ್ಕೆ ಅದು ಆದೀತು. ಆದರೆ ಆಫ್‌ಲೈನ್‌ನಲ್ಲಿ ಅದು ಗಾಡಿಯ ದಾರಿ ಮಾತ್ರ ತೋರಿಸುತ್ತದೆ, ನಡಿಗೆಯ ದಾರಿ ತೋರಿಸುವುದಿಲ್ಲ. ಇಳಿಸಿದ ನಕ್ಷೆಗೆ ಅವಧಿಯೂ ಇದೆ, ಅಪ್‌ಡೇಟ್ ಮಾಡದೆ ಬಿಟ್ಟರೆ ಮುಗಿದುಹೋಗುತ್ತದೆ. ಹೊರಡುವ ಹಿಂದಿನ ದಿನ ಒಂದು ಸಲ ಅಪ್‌ಡೇಟ್ ಮಾಡಿಕೊಳ್ಳಿ. ನಡಿಗೆಗೆ ಓಎಸ್‌ಎಂ‌ಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ. ಇವೆರಡೂ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತವೆ, 2004ರಿಂದ ಜನರೇ ಸೇರಿ ಕಟ್ಟುತ್ತಿರುವ ನಕ್ಷೆ ಅದು. ಕಾಲುದಾರಿ, ತೊರೆ, ನೀರಿನ ಬುಗ್ಗೆ ಇಂಥವು ಅದರಲ್ಲಿ ಸಿಗುವುದು ಜಾಸ್ತಿ. ಯಾರೂ ಹೋಗಿ ಗುರುತು ಮಾಡದ ಜಾಗ ಮಾತ್ರ ಅಲ್ಲಿಯೂ ಖಾಲಿಯೇ. ಹಾಗಾಗಿ ನಿಮ್ಮ ಕಣಿವೆಯನ್ನು ಈಗಲೇ ದೊಡ್ಡದು ಮಾಡಿ ನೋಡಿ. ಕಾಂಟೂರ್ ಗೆರೆ ಇರುವ ನಕ್ಷೆಯನ್ನೇ ಇಳಿಸಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ಅವು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಈ ಗೆರೆ ಇಲ್ಲದ ನಕ್ಷೆಯಲ್ಲಿ ಪ್ರಪಾತವೂ ಬಯಲೂ ಒಂದೇ ಥರ ಕಾಣುತ್ತವೆ.

ಎಲ್ಲ ಇಳಿಸಿದ ಮೇಲೆ ಒಂದು ಪರೀಕ್ಷೆ ಮಾಡಿ, ಇದನ್ನು ಬಿಡಲೇಬೇಡಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ, ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ನೀವು ಹೋಗುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಹಳ್ಳದ ಹೆಸರು ಕಾಣುತ್ತಿದೆಯಾ? ಕಾಂಟೂರ್ ಗೆರೆ ಬರುತ್ತಿದೆಯಾ? ಬಂದರೆ ಅಲ್ಲಿಯೂ ಬರುತ್ತದೆ. ಫ್ಲೈಟ್ ಮೋಡ್‌ನಲ್ಲಿ ಜಿಪಿಎಸ್ ಓಡುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಪ್ರಯಾಣದ ಉದ್ದಕ್ಕೂ ಅದೇ ಮೋಡ್‌ನಲ್ಲಿಡಿ, ಯಾಕಂದರೆ ಇಲ್ಲದ ಟವರನ್ನು ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಖಾಲಿಯಾಗುತ್ತದೆ.

ಕಣಿವೆಹಕ್ಕಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಾಲ್ಕು ದಿನದ ನಡಿಗೆಗೆ ಒಂದೇ ಫೋನ್ ನಂಬಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾವು ಮೂರು ಜನ ಒಂದು ಬೆಟ್ಟದ ತುದಿಗೆ ಹೋಗಿದ್ದೆವು. ಹತ್ತುವಾಗ ಬಿಸಿಲು. ತಿರುಗಿ ಇಳಿಯಲು ಶುರು ಮಾಡಿ ಕಾಲು ಗಂಟೆ ಆಗಿರಲಿಲ್ಲ, ಮಂಜು ಬಂತು. ಮುಂದೆ ನಡೆಯುತ್ತಿದ್ದವರ ಬೆನ್ನಿನ ಚೀಲ ಕಾಣುತ್ತಿತ್ತು, ಅವರ ಕಾಲು ಕಾಣುತ್ತಿರಲಿಲ್ಲ. ಚಳಿ ಜೋರಾಗಿತ್ತು. ನನ್ನ ಫೋನಿನಲ್ಲಿ 38 ಪರ್ಸೆಂಟ್ ಇತ್ತು, ಹೊರಗಿನ ಜೇಬಿನಿಂದ ತೆಗೆದು ಮ್ಯಾಪ್ ತೆರೆಯುತ್ತಿದ್ದ ಹಾಗೇ ಆಫ್ ಆಯಿತು. ಮತ್ತೆ ಆನ್ ಆಗಲೇ ಇಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಚಳಿಯಲ್ಲಿ ಹಾಗೇ, ಚಾರ್ಜ್ ಇದ್ದರೂ ಕೊಡಲು ಆಗುವುದಿಲ್ಲ. ಈಗ ಚಳಿ ಇರುವ ಕಡೆ ಫೋನನ್ನು ಒಳಗಿನ ಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಡುತ್ತೇನೆ, ರಾತ್ರಿ ಪವರ್ ಬ್ಯಾಂಕ್ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಿಸುತ್ತೇನೆ. ಅವತ್ತು ಇದೆಲ್ಲ ಗೊತ್ತಿರಲಿಲ್ಲ.

ನಮ್ಮಲ್ಲಿ ಒಬ್ಬರ ಹತ್ತಿರ ಹಳೆಯ ಹ್ಯಾಂಡ್‌ಹೆಲ್ಡ್ ಇತ್ತು, ಗಾರ್ಮಿನ್ ಕಂಪನಿಯದು. ಬೆಳಿಗ್ಗೆ ಡೇರೆಯಿಂದ ಹೊರಟಾಗಲೇ ಅವರು ಟ್ರ್ಯಾಕ್ ರೆಕಾರ್ಡಿಂಗ್ ಹಾಕಿದ್ದರು. ಆ ಪುಟ್ಟ ಪರದೆಯಲ್ಲಿ ನಾವು ಹತ್ತಿ ಬಂದ ದಾರಿ ಒಂದು ಗೆರೆ, ನಾವಿರುವ ಜಾಗ ಒಂದು ಬಾಣ. ಹತ್ತು ಹೆಜ್ಜೆ ಇಡುವುದು, ಗೆರೆಯ ಮೇಲೇ ಇದ್ದೇವಾ ಅಂತ ನೋಡುವುದು, ಮತ್ತೆ ಹತ್ತು ಹೆಜ್ಜೆ. ಒಂದು ಕಡೆ ಗೆರೆ ಎಡಕ್ಕೆ ಕೊಂಕಿತ್ತು. ನನ್ನ ಕಾಲು ನೇರಕ್ಕೆ ಹೋಗುತ್ತಿತ್ತು, ನೆಲವೂ ನೇರಕ್ಕೇ ಇಳಿಜಾರಾಗಿತ್ತು, ದಾರಿ ಇದೇ ಅಂತ ಅನ್ನಿಸುತ್ತಿತ್ತು. ಅವರು ತೋಳು ಹಿಡಿದು ಎಡಕ್ಕೆ ಎಳೆದರು. ಮಾರನೇ ದಿನ ಮಂಜು ಸರಿದ ಮೇಲೆ ಕೆಳಗಿನಿಂದ ತಿರುಗಿ ನೋಡಿದೆ. ಆ ನೇರದ ಇಳಿಜಾರು ಮುಗಿಯುವ ಕಡೆ ಬರೀ ಬಂಡೆಯ ಗೋಡೆ. ಈಗಲೂ ಅದನ್ನು ಬರೆಯುವಾಗ ಕೈ ತಣ್ಣಗಾಗುತ್ತದೆ.

ಹಾಗಾಗಿ ನೀವು ಏನು ಕೊಂಡರೂ ಕೊಳ್ಳದಿದ್ದರೂ ಈ ಎರಡು ಕೆಲಸ ಮಾಡಿ. ಜೀಪ್ ನಿಲ್ಲಿಸಿದ ತಕ್ಷಣ ಆ ಜಾಗವನ್ನು ವೇಪಾಯಿಂಟ್ (ನಕ್ಷೆಯ ಮೇಲಿನ ಗುರುತು) ಅಂತ ಉಳಿಸಿ, ನಾಲ್ವರ ಫೋನಿನಲ್ಲೂ. ಮೊದಲ ಹೆಜ್ಜೆಯಿಂದಲೇ ಟ್ರ್ಯಾಕ್ ಹಾಕಿ. ದಾರಿ ತಪ್ಪಿದೆ ಅನ್ನಿಸಿದ ಮೇಲೆ ಹಾಕಿದರೆ, ತಪ್ಪಿದ ದಾರಿ ಮಾತ್ರ ರೆಕಾರ್ಡ್ ಆಗುತ್ತದೆ.

ಹ್ಯಾಂಡ್‌ಹೆಲ್ಡ್ ಬಗ್ಗೆ ಕೇಳಿದಿರಲ್ಲ. ಜಾಗವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದರಲ್ಲಿ ಈಗಿನ ಒಳ್ಳೆಯ ಫೋನಿಗೂ ಅದಕ್ಕೂ ದೊಡ್ಡ ಅಂತರ ಇಲ್ಲ. ತೆರೆದ ಆಕಾಶದ ಕೆಳಗೆ ಫೋನ್ ಕೂಡ ಸಾಮಾನ್ಯವಾಗಿ ಐದು ಮೀಟರ್ ಒಳಗೆ ತೋರಿಸುತ್ತದೆ. ಹ್ಯಾಂಡ್‌ಹೆಲ್ಡ್ ಗೆಲ್ಲುವುದು ಬ್ಯಾಟರಿಯಲ್ಲಿ ಮತ್ತು ಗಟ್ಟಿತನದಲ್ಲಿ. ಗಾರ್ಮಿನ್‌ನ ಇಟ್ರೆಕ್ಸ್ 22ಎಕ್ಸ್‌ನಂಥದ್ದು ಎರಡು ಎಎ ಸೆಲ್‌ನಲ್ಲಿ ಸುಮಾರು 25 ಗಂಟೆ ಓಡುತ್ತದೆ, ಖಾಲಿಯಾದರೆ ಬೇರೆ ಎರಡು ಸೆಲ್ ಹಾಕಿದರಾಯಿತು, ಚಾರ್ಜ್ ಆಗಲಿ ಅಂತ ಕಾಯಬೇಕಾಗಿಲ್ಲ. ಚಳಿಯ ಜಾಗವಾದರೆ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್ ಒಯ್ಯಿರಿ. ಬಿಸಿಲಿನಲ್ಲಿ ಪರದೆ ಚೆನ್ನಾಗಿ ಓದಬಹುದು. ಗುಂಡಿ ಒತ್ತುವ ಮಾದರಿಯಾದರೆ ಮಳೆಯಲ್ಲೂ, ಕೈಗವಸು ಹಾಕಿಕೊಂಡೂ ಬಳಸಬಹುದು. ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ ಅಲ್ವಾ. ವರ್ಷಕ್ಕೆ ಒಂದೇ ಸಲ ಹೋಗುವವರಾದರೆ ಕೊಳ್ಳಬೇಡಿ, ಯಾರ ಹತ್ತಿರವಾದರೂ ಎರವಲು ತನ್ನಿ. ಆದರೆ ಒಂದು ವಾರ ಮುಂಚೆ ತಂದು ಮನೆ ಸುತ್ತ ಬಳಸಿ ಕಲಿಯಿರಿ. ಅದರ ಮೆನುಗಳು ಫೋನಿನಷ್ಟು ಸಲೀಸಲ್ಲ.

ನಿಮ್ಮ ಕಣಿವೆಯ ಬಗ್ಗೆ ಒಂದು ಮಾತು. ಎರಡೂ ಕಡೆ ಬಂಡೆ ಇದ್ದರೆ ಉಪಗ್ರಹದ ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಚುಕ್ಕೆ ಆಗ ಇಲ್ಲಿಂದ ಅಲ್ಲಿಗೆ ಹಾರುತ್ತದೆ, ನದಿಯ ಆಚೆ ದಡದಲ್ಲಿದ್ದೀರಿ ಅಂತಲೂ ತೋರಿಸಬಹುದು. ಗಾಬರಿ ಬೇಡ, ಚುಕ್ಕೆಯ ಸುತ್ತ ಇರುವ ತಿಳಿ ವೃತ್ತ ನೋಡಿ. ಅದು ದೊಡ್ಡದಾಗಿದ್ದರೆ ಫೋನಿಗೇ ಖಾತ್ರಿ ಇಲ್ಲ ಅಂತ ಅರ್ಥ. ಹೊಸ ಫೋನ್ ಕೊಳ್ಳುವ ಯೋಚನೆ ಇದ್ದರೆ ಉಪಗ್ರಹದ ಎಲ್1 ಸಿಗ್ನಲ್ ಜೊತೆ ಎಲ್5 ಅನ್ನುವ ಇನ್ನೊಂದು ಸಿಗ್ನಲ್ ಕೂಡ ಹಿಡಿಯುವ ಡ್ಯುಯಲ್ ಫ್ರೀಕ್ವೆನ್ಸಿ ಮಾದರಿ ನೋಡಿ, ಇಂಥ ಜಾಗದಲ್ಲಿ ಅದು ವಾಸಿ. ಜಿಪಿಎಸ್ ಥರದ್ದೇ ಬೇರೆ ಉಪಗ್ರಹ ವ್ಯವಸ್ಥೆಗಳಾದ ಗ್ಲೋನಾಸ್, ಗೆಲಿಲಿಯೋ, ಬೈದು, ನಾವಿಕ್ ಇವೆಲ್ಲ ಹಿಡಿದಷ್ಟೂ ಒಳ್ಳೆಯದು. ಕಿರಿದಾದ ಆಕಾಶದಲ್ಲಿ ಜಾಸ್ತಿ ಉಪಗ್ರಹ ಸಿಗುತ್ತವೆ.

ಇನ್ನೊಂದು, ನಿಂತ ಜಾಗದಲ್ಲಿ ಬಾಣ ಎತ್ತ ತೋರಿಸುತ್ತದೋ ಅತ್ತ ಹೊರಡಬೇಡಿ. ಜಿಪಿಎಸ್‌ಗೆ ನಿಮ್ಮ ದಿಕ್ಕು ಗೊತ್ತಾಗುವುದು ನಡೆದಾಗ ಮಾತ್ರ. ನಿಂತಾಗ ಬಾಣ ತಿರುಗಿಸುವುದು ಫೋನಿನ ದಿಕ್ಸೂಚಿ, ಕವರಿನಲ್ಲಿ ಮ್ಯಾಗ್ನೆಟ್ ಇದ್ದರೆ ಅದು ತಪ್ಪು ಹೇಳುತ್ತದೆ. ಅಂಥ ಕವರ್ ಮನೆಯಲ್ಲೇ ಬಿಟ್ಟು ಬನ್ನಿ.

ಮಣ್ಣುರಸ್ತೆ

ನಾನು ನಡೆಯುವವನಲ್ಲ, ಗಾಡಿ ಓಡಿಸುವವನು. ನಿಮ್ಮ ಮೊದಲ ಎರಡು ದಿನದ ಬಗ್ಗೆ ಹೇಳುತ್ತೇನೆ, ಯಾಕಂದರೆ ಎಲ್ಲರೂ ನಡಿಗೆಯ ಬಗ್ಗೆಯೇ ಯೋಚಿಸುತ್ತಾರೆ.

ನಾನು ಎಲ್ಲಿದ್ದೇನೆ ಅನ್ನುವುದು ಒಂದು ಪ್ರಶ್ನೆ, ಎತ್ತ ಹೋಗಲಿ ಅನ್ನುವುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ಉಪಗ್ರಹ ಉತ್ತರ ಕೊಡುತ್ತದೆ, ಅದನ್ನು ನಂಬಬಹುದು. ಎರಡನೆಯದಕ್ಕೆ ಉತ್ತರ ಕೊಡುವುದು ಆ್ಯಪ್, ಯಾರೋ ಯಾವತ್ತೋ ಬರೆದ ನಕ್ಷೆ ನೋಡಿಕೊಂಡು. ಆ ರಸ್ತೆ ಈಗ ಮಳೆಗೆ ಕೊಚ್ಚಿಹೋಗಿರಬಹುದು, ಬರೀ ಟ್ರ್ಯಾಕ್ಟರ್ ಹೋಗುವಂಥದ್ದಿರಬಹುದು. 2012ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಜನರಿಗೆ ಎಚ್ಚರಿಕೆ ಕೊಡಬೇಕಾಗಿ ಬಂತು. ಆಗಿನ ಆ್ಯಪಲ್ ಮ್ಯಾಪ್ಸ್ ಮಿಲ್ಡುರಾ ಪಟ್ಟಣವನ್ನು ಅದು ಇರುವ ಕಡೆಯಿಂದ ಸುಮಾರು 70 ಕಿಲೋಮೀಟರ್ ದೂರ, ನೀರಿಲ್ಲದ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು, ಅದನ್ನು ನಂಬಿ ಹೋದವರು ಅಲ್ಲಿ ಸಿಕ್ಕಿಬಿದ್ದರು. ಅಮೆರಿಕದ ಡೆತ್ ವ್ಯಾಲಿಯಲ್ಲಿ ಇಂಥ ಸಾವುಗಳನ್ನು ನೋಡಿದ ರೇಂಜರ್‌ಗಳು ಅದಕ್ಕೆ "ಜಿಪಿಎಸ್‌ನಿಂದ ಸಾವು" ಅಂತಲೇ ಹೆಸರಿಟ್ಟಿದ್ದಾರೆ. ಹಳೆಯ ಗಣಿ ರಸ್ತೆಗಳು ನಕ್ಷೆಯಲ್ಲಿ ಇನ್ನೂ ರಸ್ತೆಯಾಗಿಯೇ ಉಳಿದಿದ್ದವು.

ಆ್ಯಪ್ ಹತ್ತಿರದ ದಾರಿ ಅಂತ ತೋರಿಸಿದ್ದನ್ನು ಮನೆಯಲ್ಲೇ ಉಪಗ್ರಹ ಚಿತ್ರದಲ್ಲಿ ಬೆರಳಿಟ್ಟು ನೋಡುತ್ತಾ ಹೋಗಿ. ರಸ್ತೆ ನಡುವೆ ಮಾಯವಾಗುತ್ತಿದ್ದರೆ ಬಿಟ್ಟುಬಿಡಿ. ಜನ ಇರುವ ಕೊನೆಯ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದೆ ರಸ್ತೆ ಹೇಗಿದೆ ಅಂತ ಕೇಳಿ. ಅಲ್ಲಿ ದಿನಾ ಓಡಾಡುವವರ ಒಂದು ಮಾತು ಯಾವ ಆ್ಯಪ್‌ಗಿಂತಲೂ ಹೊಸದಾಗಿರುತ್ತದೆ. ಗಾಡಿಯಲ್ಲಿ ಚಾರ್ಜಿಂಗ್ ಕೇಬಲ್ ಎರಡು ಇರಲಿ, ಕುಲುಕಾಟಕ್ಕೆ ಮೊದಲು ಕೈಕೊಡುವುದು ಅದೇ. ಡ್ಯಾಶ್‌ಬೋರ್ಡ್ ಮೇಲೆ ನೇರ ಬಿಸಿಲಿಗೆ ಫೋನ್ ಇಡಬೇಡಿ, ಕಾದು ಆಫ್ ಆಗುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ತುಂಬಾ ಜನರಲ್ಲಿದೆ. ಜಿಪಿಎಸ್ ಇದ್ದರೆ ನಾವೆಲ್ಲಿದ್ದೇವೆ ಅಂತ ಹೊರಗಿನವರಿಗೂ ಗೊತ್ತಾಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಜಿಪಿಎಸ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಸಹಾಯ ಕೇಳಲು ಬೇರೆ ಸಾಧನ ಬೇಕು. ಇರಿಡಿಯಂ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥವು ಇವೆ, 406 ಮೆಗಾಹರ್ಟ್ಸ್‌ನಲ್ಲಿ ತುರ್ತು ಸಂಕೇತ ಕಳಿಸುವ ಬೀಕನ್‌ಗಳಿವೆ, ಐಫೋನ್ 14ರಿಂದ ಈಚೆಗೆ ಕೆಲವು ದೇಶಗಳಲ್ಲಿ ಫೋನಿನಿಂದಲೇ ಉಪಗ್ರಹಕ್ಕೆ ಎಸ್‌ಒಎಸ್ ಹೋಗುತ್ತದೆ. ಆದರೆ ಸ್ಯಾಟಲೈಟ್ ಫೋನ್, ಇನ್‌ರೀಚ್‌ನಂಥ ಕಮ್ಯುನಿಕೇಟರ್‌ಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅಪರಾಧ. ಹೋಗುವ ದೇಶದ ನಿಯಮ ನೋಡದೆ ಕೊಳ್ಳಬೇಡಿ, ಬೇರೆಯವರಿಂದ ಇಸಿದುಕೊಂಡೂ ಹೋಗಬೇಡಿ. ಯಾವುದೂ ಇಲ್ಲದಿದ್ದರೆ ಮನೆಯವರಿಗೆ ದಾರಿಯ ಜಿಪಿಎಕ್ಸ್ ಫೈಲ್ (ಮ್ಯಾಪ್ ಆ್ಯಪ್‌ನಲ್ಲಿ ತೆರೆದು ನೋಡುವಂಥದ್ದು) ಕೊಟ್ಟು, ಇಂಥ ದಿನ ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಹುಡುಕಲು ಹೇಳಿ ಅಂತ ಬರೆದಿಟ್ಟು ಹೋಗಿ.

ದಾರಿಹೋಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಣಿವೆಹಕ್ಕಿ ಅವರೇ, ನಿಮ್ಮ ಮಂಜಿನ ಕಥೆ ತಂಗಿಗೆ ಓದಿ ಹೇಳಿದೆ. ತನ್ನ ಫೋನಿನಲ್ಲೂ ಟ್ರ್ಯಾಕ್ ಹಾಕುತ್ತೇನೆ ಅಂದಳು.

ಇನ್ನೊಂದು ಅನುಮಾನ. ಕಣಿವೆಯ ಆಚೆ ನೀರು ಸಿಗುವ ಜಾಗದ ಗುರುತನ್ನು ಹೋಗಿ ಬಂದವರೊಬ್ಬರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನಡುವೆ ಬರೀ ಚುಕ್ಕೆ ಇರುವ ಅಂಕಿಗಳು. ಆ್ಯಪಿನಲ್ಲಿ ಹಾಕಿದರೆ ಅದು ನಮ್ಮ ದಾರಿಯಿಂದ ಇಪ್ಪತ್ತು ಕಿಲೋಮೀಟರ್ ಮೇಲೇ ದೂರ ತೋರಿಸುತ್ತಿದೆ. ಅವರು ತಪ್ಪು ಬರೆದಿದ್ದಾರಾ?

ಗೆರೆಬಿಂದು

ಬರೆದದ್ದು ಸರಿ ಇರಬಹುದು, ಓದುವ ಬಗೆ ಬೇರೆ ಇರಬೇಕು. 40 ಡಿಗ್ರಿ 30 ಮಿನಿಟ್ ಅಂದರೆ 40.5 ಡಿಗ್ರಿ, ಯಾಕಂದರೆ ಒಂದು ಡಿಗ್ರಿಗೆ 60 ಮಿನಿಟ್. ಅದನ್ನೇ ಚೀಟಿಯಲ್ಲಿ 40.30 ಅಂತ ಬರೆದು, ಆ್ಯಪ್ ಅದನ್ನು ದಶಮಾಂಶ ಅಂತ ಓದಿದರೆ 0.2 ಡಿಗ್ರಿ ವ್ಯತ್ಯಾಸ ಬರುತ್ತದೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಲೆಕ್ಕ ಹಾಕಿ, 22 ಕಿಲೋಮೀಟರ್ ಆಚೆ ಹೋಯಿತು. ಬರೆದವರನ್ನೇ ಕೇಳಿ, ಡಿಗ್ರಿ ಮಿನಿಟ್‌ನಲ್ಲಿ ಕೊಟ್ಟಿದ್ದಾ, ದಶಮಾಂಶದಲ್ಲಾ ಅಂತ. ಹಳೆಯ ಅಚ್ಚಿನ ನಕ್ಷೆಯಿಂದ ತೆಗೆದದ್ದಾ ಅಂತಲೂ ಕೇಳಿ. ಭೂಮಿಯ ಮೇಲೆ ಜಾಗ ಗುರುತಿಸಲು ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಅನ್ನುವ ಲೆಕ್ಕ, ಹಳೆಯ ನಕ್ಷೆಗಳಲ್ಲಿ ಬೇರೆ ಲೆಕ್ಕ ಇದ್ದರೆ ನೂರಾರು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ನೀರಿನ ಜಾಗಕ್ಕೆ ಅಷ್ಟು ತಪ್ಪಿದರೂ ಕಷ್ಟ. ನೀವು ನಾಲ್ವರೂ ಒಂದೇ ಬಗೆ ಇಟ್ಟುಕೊಳ್ಳಿ, ದಶಮಾಂಶವೇ ಸುಲಭ. ಚುಕ್ಕೆಯ ನಂತರ ಐದು ಅಂಕಿ ತನಕ ಬರೆದರೆ ಸುಮಾರು ಒಂದು ಮೀಟರ್‌ವರೆಗೆ ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ಬೇಡ.

ಕಾಗದದ ನಕ್ಷೆ, ಒಂದು ಸಾದಾ ದಿಕ್ಸೂಚಿ ಚೀಲದಲ್ಲಿರಲಿ. ಜೀಪ್ ನಿಲ್ಲಿಸುವ ಜಾಗ, ನೀರಿನ ಜಾಗ, ಡೇರೆ ಹಾಕುವ ಜಾಗ ಮೂರರ ಅಂಕಿಗಳನ್ನೂ ಆ ನಕ್ಷೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಇಂಕು ನೆನೆದರೆ ಕಲಸಿಹೋಗುತ್ತದೆ.

ದಾರಿಹೋಕ

ಕೇಳಿದೆ. ನೀವು ಹೇಳಿದ ಹಾಗೇ ಆಗಿದೆ, ಅವರು ಡಿಗ್ರಿ ಮಿನಿಟ್ ಬರೆದು ನಡುವೆ ಚುಕ್ಕೆ ಇಟ್ಟಿದ್ದರು. ಸರಿ ಮಾಡಿ ಹಾಕಿದರೆ ನೀರಿನ ಗುರುತು ತೊರೆಯ ಪಕ್ಕದಲ್ಲೇ ಬಂದು ಕೂತಿತು.

ಫ್ಲೈಟ್ ಮೋಡ್ ಪರೀಕ್ಷೆಯನ್ನೂ ನಾಲ್ವರೂ ಒಟ್ಟಿಗೆ ಕೂತು ಮಾಡಿದೆವು. ಮೂರು ಫೋನಿನಲ್ಲಿ ಎಲ್ಲ ಸರಿ ಬಂತು. ನನ್ನದರಲ್ಲಿ ಕಣಿವೆಯ ತನಕ ನಕ್ಷೆ ಇತ್ತು, ಅದರಾಚೆ ಮತ್ತದೇ ಖಾಲಿ ಚೌಕಗಳು. ಇಳಿಸುವಾಗ ಪಕ್ಕದ ಪ್ರದೇಶ ಬಿಟ್ಟುಹೋಗಿತ್ತು. ಈಗ ಅದನ್ನೂ ಇಳಿಸಿದ್ದೇನೆ. ಹ್ಯಾಂಡ್‌ಹೆಲ್ಡ್ ಒಂದು ಎರವಲು ಸಿಕ್ಕಿದೆ, ನಾಳೆಯಿಂದ ತಂಗಿ ಅದನ್ನು ಹಿಡಿದು ಬೆಳಗಿನ ನಡಿಗೆಗೆ ಹೋಗುತ್ತಾಳಂತೆ. ಬಂದ ಮೇಲೆ ನಮ್ಮ ಟ್ರ್ಯಾಕ್ ಇಲ್ಲೇ ಹಾಕುತ್ತೇನೆ, ಆ ಕಡೆ ಹೋಗುವವರಿಗೆ ನೀರಿನ ಜಾಗವಾದರೂ ಗೊತ್ತಾಗಲಿ.